ಕುಂಕುಮ ಬಣ್ಣದ ಕೇಬಲ್ಲು

ಈ ಸಲದ ಆಯುಧ ಪೂಜೆಗೆ ನಮ್ಮ ಮನೆಯ ಕಂಪ್ಯೂಟರು ಇಡೀ ಜಯಲಕ್ಷ್ಮಿಪುರಂನಲ್ಲಿ ಎಲ್ಲೂ ಇಲ್ಲದಂತೆ ಮೆರೆಯಬೇಕು! ಎರಡು ಸಾವಿರದ ಒಂಬತ್ತರ ದಸರಾಕ್ಕೆ ಇನ್ನೂ ಹದಿನೈದು ದಿನವಿರುವಾಗಲೇ ಕಾಫಿ ಲೋಟವನ್ನು ಮೇಜಿಗೆ ಕುಕ್ಕಿ ನಾನು ಮಾಡಿದ ಘೋಷಣೆ ಇದು. ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಹೆಂಡತಿ ನಿಶ್ಚಿತಾ, ಇನ್ನೊಬ್ಬರು ಹಬ್ಬಕ್ಕೆ ಬಂದಿದ್ದ ಅವಳ ತಾಯಿ ಮಂಜುಳಮ್ಮ. ಇಬ್ಬರೂ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

ಕಂಪ್ಯೂಟರು ಕೊಂಡವನು ನಾನು, ಬಳಸುವವಳು ಅವಳು. ಮನೆಯಲ್ಲೇ ಕೂತು ಲಗ್ನಪತ್ರಿಕೆ, ತಿಥಿ ಕಾರ್ಡು ಅಂತ ಅಕ್ಷರ ಜೋಡಿಸುತ್ತಿದ್ದವಳಿಗೆ ಆ ವರ್ಷ ಮೊದಲ ಬಾರಿಗೆ ಒಂದು ಪೂರ್ತಿ ಪುಸ್ತಕ ಸಿಕ್ಕಿತ್ತು. ರಾಜೀವನಗರದ ಸಿದ್ದಲಿಂಗಸ್ವಾಮಿ ಮೇಷ್ಟ್ರು ನಿವೃತ್ತರಾದ ಮೇಲೆ ಊರೂರು ಅಲೆದು, ಅಜ್ಜಿಯರ ಬಾಯಿಂದ ಹೆಕ್ಕಿ ತಂದ ಅಡುಗೆಮನೆಯ ಪದಗಳ ಕೋಶ. ದೀಪಾವಳಿಗೆ ಅವರಿಗೆ ಎಂಬತ್ತು ತುಂಬುತ್ತದೆ, ಅಷ್ಟರಲ್ಲಿ ಪುಸ್ತಕ ಕೈಯಲ್ಲಿ ಹಿಡಿಯಬೇಕು ಅನ್ನುವುದು ಅವರ ಆಸೆ. ಅದರ ಬೆನ್ನುಪುಟದಲ್ಲಿ ತನ್ನ ಹೆಸರು ಬರಬೇಕು ಅನ್ನುವುದು ಇವಳ ಆಸೆ. ನನ್ನ ಆಸೆ ಮಾತ್ರ ಕೇಬಲ್ಲಿನ ಬಣ್ಣದ ಮೇಲಿತ್ತು!

ನಮ್ಮ ಕಂಪ್ಯೂಟರಿನ ಡಬ್ಬಕ್ಕೆ ಒಂದು ಪಕ್ಕ ಪಾರದರ್ಶಕ. ಅದರೊಳಗೆ ಕೆಂಪು, ಹಳದಿ, ಕಪ್ಪು, ಕಿತ್ತಳೆ ತಂತಿಗಳು ಅಡ್ಡಾದಿಡ್ಡಿ ಜೋತುಬಿದ್ದಿದ್ದವು. ಕರೆಂಟು ಹಂಚುವ ಪವರ್ ಸಪ್ಲೈಯೇನೋ ಉತ್ತಮ ದರ್ಜೆಯದೇ, ತಂತಿಗಳನ್ನು ಎರಡೂ ತುದಿಗಳಲ್ಲಿ ಕಳಚಬಹುದಾದಂಥದ್ದು. ಅವನ್ನು ಕಿತ್ತು, ಒಂದೇ ಬಣ್ಣದ ನೂಲಿನ ಹೊದಿಕೆಯ ಕೇಬಲ್ಲು ಹಾಕಿದರೆ ಅರಮನೆಯೇ ಮನೆಗೆ ಬಂದಂತೆ ಅಂತ ನನಗನ್ನಿಸಿಬಿಟ್ಟಿತ್ತು.

"ಚೆನ್ನಾಗಿ ಓಡ್ತಿರೋದನ್ನ ಯಾಕ್ರೀ ಕೆದಕ್ತೀರ?" ಅಂದಳು ನಿಶ್ಚಿತಾ.

"ಸೌಂದರ್ಯಪ್ರಜ್ಞೆ ಕಣೇ, ಸೌಂದರ್ಯಪ್ರಜ್ಞೆ!"

"ನನ್ನ ಸೀರೆ ಬಣ್ಣ ಕೇಳಿದ್ರೆ 'ಯಾವುದೋ ಒಂದು' ಅಂತೀರ. ತಂತಿಗೆ ಮಾತ್ರ ಪ್ರಜ್ಞೆ ಬಂದ್ಬುಡ್ತಾ? ಹೋಗ್ಲಿ, ಪವರ್ ಸಪ್ಲೈ ಯಾವ ಕಂಪನೀದು ಅಂತ ನೋಡ್ಕೊಂಡಾದ್ರೂ ಹೋಗಿ."

ನೋಡಬೇಕಾದರೆ ಡಬ್ಬ ಬಿಚ್ಚಬೇಕು, ಬಿಚ್ಚಬೇಕಾದರೆ ಸ್ಕ್ರೂಡ್ರೈವರು ಹುಡುಕಬೇಕು. ವೀರಾಧಿವೀರರು ಇಂಥ ಸಣ್ಣ ವಿಷಯಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗೇ ಹೊರಟೆ.

ಕಂಪ್ಯೂಟರು ಅಂಗಡಿಯ ಶಾಮಣ್ಣ ಕೇಬಲ್ಲುಗಳನ್ನು ಹಾವಾಡಿಗನ ಹಾಗೆ ಒಂದೊಂದೇ ಎಳೆದು ಹರಡಿದ. ಅರಿಶಿನ, ನವಿಲುನೀಲಿ, ಕುಂಕುಮ! ನಾನು ಒಂದನ್ನೆತ್ತಿ ಬೆಳಕಿಗೆ ಹಿಡಿದೆ, ಇನ್ನೊಂದನ್ನು ನೆರಳಿಗೆ ಹಿಡಿದೆ. ಹೆಂಡತಿಯ ಜೊತೆ ಸೀರೆ ಅಂಗಡಿಗೆ ಹೋದಾಗ ಸ್ಟೂಲಿನ ಮೇಲೆ ಕೂತು ಆಕಳಿಸುತ್ತಿದ್ದ ನಾನೇ ಇವನು ಅಂದರೆ ಯಾರೂ ನಂಬುತ್ತಿರಲಿಲ್ಲ. ಕೊನೆಗೆ ಕುಂಕುಮಕ್ಕೆ ಮನಸ್ಸು ನಿಂತಿತು.

"ನಿಮ್ಮ ಪವರ್ ಸಪ್ಲೈ ಯಾವ ಕಂಪನೀದು ಸಾರ್?"

"ಒಳ್ಳೇ ಕಂಪನೀದೇ."

"ಹೆಸರು ಏಳಿ ಸಾರ್. ಒಂದು ಕಂಪನೀದು ಇನ್ನೊಂದಕ್ಕೆ ಆಕಂಗಿಲ್ಲ. ಪಿನ್ನು ಕೂತ್ಕತದೆ, ಆದ್ರೆ ಒಳಗೆ ತಂತಿ ಬರೋ ವರಸೆ ಬ್ಯಾರೆ. ಗೊತ್ತಿಲ್ದಿದ್ರೆ ಮನೇಗೋಗಿ ನೋಡ್ಕಂಡ್ ಬನ್ನಿ."

ಗೊತ್ತಿಲ್ಲ ಅನ್ನುವುದೇ? ಎಂ.ಕಾಂ. ಮಾಡಿದ ಈ ಮಹಾಂತೇಶ? ಶಾಮಣ್ಣನ ಬೆನ್ನ ಹಿಂದೆ ಪವರ್ ಸಪ್ಲೈಯ ಒಂದು ದೊಡ್ಡ ಡಬ್ಬ ಕಾಣಿಸಿತು. "ಅಗೋ, ಅದೇ ಕಂಪನಿ!" ಅಂದುಬಿಟ್ಟೆ. ಪಾಪ, ಶಾಮಣ್ಣ ನನ್ನ ಮಾತನ್ನು ನಂಬಿದ, ಆ ಕಂಪನಿಗೆ ಹೊಂದುವ ಕೇಬಲ್ಲನ್ನೇ ಕೊಟ್ಟ.

ಆಯುಧ ಪೂಜೆಯ ಬೆಳಗ್ಗೆ ನಿಶ್ಚಿತಾ ಕಂಪ್ಯೂಟರಿನ ಮುಂದೆ ಕೂತಿದ್ದಳು. "ಪುಸ್ತಕಾನ ಒಂದು ಸಿಡಿಗೆ ಹಾಕ್ಕೊಂಡ್ಬುಡ್ತೀನಿ, ಐದೇ ನಿಮಿಷ" ಅಂದಳು.

"ಅಯ್ಯೋ, ಇವತ್ತು ಆಯುಧ ಮುಟ್ಟಬಾರದು ಕಣೇ! ಶಾಸ್ತ್ರ!"

ಶಾಸ್ತ್ರಕ್ಕೆ ತಲೆಬಾಗಿ ಅವಳು ಎದ್ದಳು. ಅವಳು ಅಡುಗೆಮನೆ ಸೇರಿದ್ದೇ ತಡ, ನಾನು ಅದೇ ಆಯುಧದ ಹೊಟ್ಟೆ ಬಗೆದೆ! ಹಳೇ ತಂತಿ ಕಿತ್ತೆ, ಕುಂಕುಮ ಕೇಬಲ್ಲು ಸಿಕ್ಕಿಸಿದೆ. ಟಕ್ ಅಂತ ಕೂತುಕೊಂಡಿತು. ಕೂತಿದ್ದು ನೋಡಿ ಎಷ್ಟು ಸಂತೋಷಪಟ್ಟೆ ಅಂದರೆ, ಶಾಮಣ್ಣನ ಮಾತು ನೆನಪಿಗೇ ಬರಲಿಲ್ಲ. ಡಬ್ಬಕ್ಕೆ ಮೂರು ಬೆರಳಿನ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಎಲ್ಲರನ್ನೂ ಕರೆದೆ. ಮಂಗಳಾರತಿಯ ಹೊತ್ತಿಗೆ ಒಳಗಿನ ಬಣ್ಣ ಝಗಝಗಿಸಲಿ ಅಂತ ಸ್ವಿಚ್ಚು ಒತ್ತಿದೆ.

ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಿದ್ದೆವು.

"ಇದ್ಯಾವ ಅಂಗಡಿ ಸಾಂಬ್ರಾಣಿ ಅಳಿಯಂದ್ರೇ? ಬೋ ಘಾಟು" ಅಂದರು ಅತ್ತೆ.

"ಅಮ್ಮ, ನಾವಿನ್ನೂ ಸಾಂಬ್ರಾಣಿನೇ ಹಾಕಿಲ್ಲ!" ಅಂದಳು ನಿಶ್ಚಿತಾ.

ಕಣ್ಣು ಬಿಟ್ಟರೆ ಸೇವಂತಿಗೆ ಹಾರದ ಸಂದಿಯಿಂದ ಹೊಗೆ ಏಳುತ್ತಿತ್ತು. ನಾನು ಪ್ಲಗ್ಗು ಕೀಳುವಷ್ಟರಲ್ಲಿ ಒಳಗೆ ಪಟ್ ಅಂದಿತು. ಅತ್ತೆ ಮಾತ್ರ ಪೂಜೆ ಅರ್ಧಕ್ಕೆ ನಿಲ್ಲಬಾರದು ಅಂತ ಹೊಗೆಗೂ ಒಂದು ಸುತ್ತು ಆರತಿ ಎತ್ತಿಬಿಟ್ಟರು.

ನಿಶ್ಚಿತಾ ಕೂಗಾಡಲಿಲ್ಲ. ಪುಸ್ತಕವೆಲ್ಲ ಇದ್ದ, ಈಗ ಸುಟ್ಟ ವಾಸನೆ ಬರುತ್ತಿದ್ದ ಹಾರ್ಡ್ ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡು ಸೆರಗಿನಿಂದ ಮಸಿ ಒರೆಸತೊಡಗಿದಳು. ಬೈದಿದ್ದರೆ ಎದುರಾಡಿ ಗೆಲ್ಲುತ್ತಿದ್ದೆನೋ ಏನೋ. ಹಾಗೆ ಒರೆಸುವುದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಐದು ತಿಂಗಳು ಅವಳು ಅದರ ಮುಂದೆ ಕೂತಿದ್ದನ್ನು ದಿನಾ ನೋಡಿದ್ದೆ. ಏನು ಮಾಡುತ್ತಿದ್ದೀಯ ಅಂತ ಒಂದು ದಿನವೂ ಕೇಳಿರಲಿಲ್ಲ.

"ಮೇಷ್ಟ್ರಿಗೆ ಏನಂತ ಹೇಳ್ಲಿ?" ಅಂದಳು ಕೊನೆಗೆ.

"ನಾನೇ ಹೇಳ್ತೀನಿ."

ಮಾರನೆಯ ದಿನ ವಿಜಯದಶಮಿ. ಊರಿಗೆ ಊರೇ ಪಂಜಿನ ಕವಾಯತು ನೋಡಲು ಬನ್ನಿಮಂಟಪದ ಕಡೆ ನುಗ್ಗುತ್ತಿದ್ದರೆ, ನಾನೊಬ್ಬ ಸ್ಕೂಟರು ತಿರುಗಿಸಿಕೊಂಡು ರಾಜೀವನಗರಕ್ಕೆ ಹೋದೆ. ಮೇಷ್ಟ್ರು ಎಲ್ಲ ಕೇಳಿಸಿಕೊಂಡು ಕುರ್ಚಿಯಿಂದ ಎದ್ದರು. ಒಳಗೆ ಹೋಗಿ, ತಿದ್ದಲೆಂದು ನಿಶ್ಚಿತಾಳಿಂದ ತರಿಸಿಕೊಂಡಿದ್ದ ಮೊದಲ ಕರಡಿನ ಪ್ರಿಂಟುಗಳ ಕಟ್ಟು ತಂದಿಟ್ಟರು. "ಇಷ್ಟು ಉಳಿದದೆ ಮಹಾಂತೇಶ್. ದೀಪಾವಳಿ ಒಳಗೆ ಆಗ್ತದಾ? ನನ್ನ ವಯಸ್ಸಿಗೆ ಮುಂದಿನ ವರ್ಷ ಅನ್ನೋದು ದೊಡ್ಡ ಮಾತು."

"ಆಗ್ತದೆ ಮೇಷ್ಟ್ರೇ" ಅಂದೆ. ಈ ಸಲ ಜಂಬಕ್ಕೆ ಹೇಳಿದ ಮಾತಲ್ಲ.

ಶಾಮಣ್ಣ ಸುಟ್ಟದ್ದನ್ನೆಲ್ಲ ಬದಲಾಯಿಸುವಾಗ ವಿವರಿಸಿದ. ಐದು ವೋಲ್ಟು ಹೋಗಬೇಕಾದ ಜಾಗಕ್ಕೆ ಹನ್ನೆರಡು ವೋಲ್ಟು ಹೋಗಿತ್ತು. ನಾನು ಅಸಹ್ಯ ಅಂತ ಕಿತ್ತೆಸೆದ ಆ ಕೆಂಪು, ಹಳದಿ, ಕಪ್ಪು ಇದ್ದದ್ದು ಅಲಂಕಾರಕ್ಕಲ್ಲ, ಯಾವುದರಲ್ಲಿ ಎಷ್ಟು ಹರಿಯುತ್ತದೆ ಅಂತ ಗುರುತಿಗೆ. ಎಲ್ಲವನ್ನೂ ಕುಂಕುಮ ಮಾಡಿ ನಾನು ಚಂದ ಕಂಡಿದ್ದೆ.

ಹಗಲು ಅವಳು, ಆಫೀಸಿನಿಂದ ಬಂದ ಮೇಲೆ ನಾನು, ಸರದಿಯ ಮೇಲೆ ಟೈಪು ಮಾಡಿದೆವು. ಎರಡೇ ಬೆರಳಿನ ನನ್ನ ಬಡಿತಕ್ಕೆ ಅತ್ತೆ "ಯಾರೋ ಬಾಗಿಲು ತಟ್ತಾವ್ರೆ" ಅಂತ ಎದ್ದೆದ್ದು ಹೋಗುತ್ತಿದ್ದರು. ಒಂದು ಪುಟ ಹೊಂದಿಸುವುದು ಎಷ್ಟು ಕಷ್ಟ ಅಂತ ಸೊಂಟ ಹಿಡಿದ ಮೇಲೆ ಗೊತ್ತಾಯಿತು. ನಾನು ಟೈಪು ಮಾಡಿದ್ದನ್ನೆಲ್ಲ ನಿಶ್ಚಿತಾ ಪ್ರಿಂಟು ತೆಗೆದು, ತಿದ್ದಿ, ಮತ್ತೆ ಸರಿಮಾಡುತ್ತಿದ್ದಳು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಪುಸ್ತಕ ಅಚ್ಚಾಗಿ ಮೇಷ್ಟ್ರ ಕೈ ಸೇರಿತು. ಬೆನ್ನುಪುಟದಲ್ಲಿ ನಿಶ್ಚಿತಾಳ ಹೆಸರಿತ್ತು. ಮೇಷ್ಟ್ರು ಅದನ್ನು ಎರಡು ಸಲ ಓದಿಸಿಕೊಂಡರು.

ಮನೆಗೆ ಬಂದ ಮೇಲೆ ನಿಶ್ಚಿತಾ ನನ್ನ ಕೈಗೂ ಒಂದು ದಪ್ಪ ಪೊಟ್ಟಣ ಕೊಟ್ಟಳು.

"ಹಬ್ಬದ ಉಡುಗೊರೆ. ಬಿಚ್ಚಿ."

ಕ್ಷಮಿಸಿಬಿಟ್ಟಳು ಅಂತ ಉಬ್ಬಿ ಬಿಚ್ಚಿದೆ. ನಾನು ಟೈಪು ಮಾಡಿದ್ದ ಅಷ್ಟೂ ಹಾಳೆಗಳು! ಒಂದೊಂದರಲ್ಲೂ ಅವಳು ಹೊಡೆದ ಗೀಟು, ಸುತ್ತು, ಪ್ರಶ್ನೆ ಚಿಹ್ನೆ. ಕಪ್ಪಕ್ಷರ ಕಾಣದಷ್ಟು ಕುಂಕುಮಗೆಂಪು ಇಂಕು.

"ಇದೇನೇ ಇದು?"

"ನೀವೇ ಆರಿಸಿದ ಬಣ್ಣ ಕಣ್ರೀ. ಹೆದರಬೇಡಿ, ಸೇಫ್ ಆಗಿದೆ. ಇದರಲ್ಲಿ ಸುಡೋದು ನಿಮ್ಮ ಜಂಬ ಒಂದೇ!"