ಭಾವನ ಮೂಲೆಮಟ್ಟ

ದೇವರು ಭೂಮಿಯನ್ನು ಮಾಡಿ ಮುಗಿಸಿ ಕೈ ತೊಳೆಯುವ ಹೊತ್ತಿಗೆ ನಮ್ಮ ಭಾವ ಪಕ್ಕದಲ್ಲಿ ನಿಂತಿದ್ದರೆ, ಅವನಿಗೂ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ: "ಎಲ್ಲಾ ಸರಿ ಸ್ವಾಮಿ, ಆದ್ರೆ ಮೂಲೆ ಕೂತಿಲ್ಲ." ಭೂಮಿ ಗುಂಡಗಿದೆ, ಅದಕ್ಕೆಲ್ಲಿಯ ಮೂಲೆ ಎನ್ನುತ್ತೀರಾ? ಮೂಲೆ ಕೂರಿಸಲು ಬಾರದ್ದಕ್ಕೇ ಗುಂಡಗೆ ಮಾಡಿದ್ದು ಎಂಬುದು ಭಾವನ ಅಭಿಪ್ರಾಯ!

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಸನಗರದ ಪೇಟೆಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಅಂಗಡಿ ಇಟ್ಟಿದ್ದರು. ನಾನು ಸಾಗರದಲ್ಲಿ ಹಳೇ ಮರಮುಟ್ಟು ಕೊಂಡು ಮಾರುವವನು. ಅರವತ್ತರ ದಶಕ ಅದು. ಶರಾವತಿಯ ಹಿನ್ನೀರಿಗೆ ಊರೂರೇ ಮುಳುಗಿ, ಜನ ಮನೆ ಬಿಚ್ಚಿ, ಕಂಬ ಬಾಗಿಲು ಗಾಡಿಗೆ ಹೇರಿಕೊಂಡು ಬರುತ್ತಿದ್ದ ಕಾಲ. ಬರಿಗೈಯಲ್ಲಿ ಶುರುಮಾಡಿದವನು ನಾನು, ಆದ್ದರಿಂದ ನಿಮಗೊಂದು ಪುಕ್ಕಟೆ ಸಲಹೆ: ಹಳೇ ಮರ ಕೊಳ್ಳುವಾಗ ಮೊದಲು ಮರವನ್ನು ಚೆನ್ನಾಗಿ ಬೈಯಿರಿ, ಬೆಲೆ ಆಮೇಲೆ ಕೇಳಿ.

ಈ ವಿದ್ಯೆಯನ್ನು ಭಾವನಿಗೆ ಕಲಿಸಲು ಹೋಗಿ ನಾನೇ ಸೋತೆ. ಅವರಿಗೊಂದು ಮೂಲೆಮಟ್ಟ ಬೇಕಿತ್ತು. ಒಂದು ಕೈ ನೆಟ್ಟಗೆ, ಇನ್ನೊಂದು ಅಡ್ಡ ಇರುವ ಸಾಮಾನು ಅದು. ಮರದ ಅಂಚಿಗೆ ಒತ್ತಿ ಹಿಡಿದು ಗೆರೆ ಎಳೆದರೆ ಮೂಲೆ ಸರಿಯಾಗಿ ಸಿಗುತ್ತದೆ. ಸಾಗರದ ಕಬ್ಬಿಣದ ಅಂಗಡಿಗೆ ಕರೆದುಕೊಂಡು ಹೋದೆ. ಭಾವ ಒಂದನ್ನು ಎತ್ತಿಕೊಂಡು, ಅಂಗಡಿಯವನ ಮೇಜಿನ ಅಂಚಿಗೇ ಇಟ್ಟು, ಪೆನ್ಸಿಲಿನಿಂದ ಗೆರೆ ಎಳೆದರು. ಆಮೇಲೆ ಮಟ್ಟವನ್ನು ಮಗುಚಿ, ಅದೇ ಜಾಗದಿಂದ ಇನ್ನೊಂದು ಗೆರೆ. ಮಟ್ಟ ಸರಿಯಿದ್ದರೆ ಎರಡೂ ಗೆರೆ ಒಂದರ ಮೇಲೊಂದು ಬೀಳಬೇಕು. ಬೀಳಲಿಲ್ಲ.

"ಸುಳ್ಳು ಹೇಳ್ತದೆ ಇದು," ಎಂದರು.

"ಎಂಥದು ಮಾರಾಯ್ರೆ! ಆ ಎರಡು ಗೆರೆ ಮಧ್ಯೆ ಒಂದು ಇರುವೆ ಹೋಗಲ್ಲ," ಎಂದ ಅಂಗಡಿಯವನು.

"ಇರುವೆ ಹೋಗದಿದ್ರೂ ಬೆಳಕು ಹೋಗ್ತದಲ್ಲ!"

ನನಗೋ ಖುಷಿ. ದೋಷ ಸಿಕ್ಕಿತೆಂದರೆ ಬೆಲೆ ಇಳಿಸಲು ಹಿಡಿ ಸಿಕ್ಕಿದಂತೆ. ಎಳೆದಾಡಿ, ಎದ್ದು ಹೊರಟಂತೆ ಮಾಡಿ, ಮತ್ತೆ ಕೂತು, ಅರ್ಧಕ್ಕರ್ಧ ಇಳಿಸಿದೆ. ಬೆವರು ಒರೆಸಿಕೊಂಡು ಹೆಮ್ಮೆಯಿಂದ ತಿರುಗಿದರೆ ಭಾವ ಕೇಳುತ್ತಾರೆ: "ಬೆಲೆ ಇಳಿಸಿದ್ರೆ ಮೂಲೆ ನೆಟ್ಟಗಾಗ್ತದಾ?" ಅಷ್ಟರಲ್ಲಿ ಅವರು ಅಂಗಡಿಯಲ್ಲಿದ್ದ ಅಷ್ಟೂ ಮಟ್ಟಗಳನ್ನು ಪರೀಕ್ಷಿಸಿ, ಮೇಜಿನ ತುಂಬ ಗೆರೆ ಎಳೆದು, ಒಂದನ್ನೂ ಕೊಳ್ಳದೆ ಮೆಟ್ಟಿಲಿಳಿದಿದ್ದರು. ಮುಂದೆ ಬಹಳ ಕಾಲ ನಾನು ಆ ಬೀದಿಯಲ್ಲಿ ಕೊಡೆ ಅಡ್ಡ ಹಿಡಿದು ಓಡಾಡಬೇಕಾಯಿತು.

ಸರಿ, ತಾನೇ ಮಾಡುವುದೆಂದು ನಿಶ್ಚಯಿಸಿದರು. ಮರದ್ದೇ ಮಟ್ಟ. ಆದರೆ ನಮ್ಮ ಮಲೆನಾಡಿನಲ್ಲಿ ಮರ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಸೊರಗುತ್ತದೆ. ವರ್ಷಗಟ್ಟಲೆ ಒಣಗಿ, ಇನ್ನು ಅಲುಗಾಡುವ ಆಸೆಯನ್ನೇ ಬಿಟ್ಟ ಮರ ಬೇಕು. ನಾನು ತೇಗ ತೋರಿಸಿದೆ, ಬೀಟೆ ತೋರಿಸಿದೆ. ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, "ಇದಕ್ಕಿನ್ನೂ ಜೀವ ಉಂಟು" ಎಂದು ತಲೆಯಾಡಿಸಿದರು. ಕಡೆಗೆ ಅವರಿಗೆ ಬೇಕಾದ ಮರ ಸಿಕ್ಕಿದ್ದು ಎಲ್ಲಿ ಗೊತ್ತೇ? ಅವರ ಮನೆಯ ಅಟ್ಟದಲ್ಲೇ! ಅಕ್ಕ ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟಿದ್ದ ಮದುವೆಯ ಹಸೆಮಣೆ. ಒಳ್ಳೇ ಹಲಸಿನ ಹಲಗೆ.

ಅಕ್ಕ ನೋಡುವಷ್ಟರಲ್ಲಿ ಮಣೆ ತುಂಡಾಗಿತ್ತು.

"ಅಯ್ಯೋ, ನಾವು ಧಾರೆಗೆ ಕೂತ ಮಣೆ ಕಣ್ರೀ!"

"ಗೊತ್ತು ಮಾರಾಯ್ತಿ. ಎರಡು ಮಣೆ ಇತ್ತಲ್ಲ? ನೋಡಿಯೇ ಕುಯ್ದೆ. ಇದು ನಾನು ಕೂತಿದ್ದು. ನಿಂದು ಹಾಗೇ ಉಂಟು."

ಇಂಥ ನ್ಯಾಯವಂತ ಗಂಡ ಯಾರಿಗೆ ಸಿಗುತ್ತಾನೆ? ಅಕ್ಕ ಮಾತು ಬಿಟ್ಟಳು. ಭಾವನಿಗೆ ಅದು ಗೊತ್ತಾಗಲೇ ಇಲ್ಲ, ಅವರಿಗೆ ಪುರಸೊತ್ತೆಲ್ಲಿ? ದಪ್ಪ ತುಂಡಿಗೆ ಸೀಳು ಕೊರೆದು, ತೆಳು ತುಂಡನ್ನು ಅದರಲ್ಲಿ ಕೂರಿಸಿ, ಬಿದಿರಿನ ಮೊಳೆ ಹೊಡೆದು, ಗೆರೆ ಎಳೆಯುವುದು, ಮಗುಚಿ ಎಳೆಯುವುದು, ಗಾಜಿನ ಚೂರಿನಿಂದ ಕೂದಲೆಳೆಯಷ್ಟು ಕೆರೆಯುವುದು, ಮತ್ತೆ ಗೆರೆ. ಮನೆಯ ಗೋಡೆ, ಕದ, ಅಕ್ಕಿ ಪೆಟ್ಟಿಗೆ, ಎಲ್ಲದರ ಮೇಲೂ ಗೆರೆ! ಒಂದು ಬೆಳಿಗ್ಗೆ ಎರಡು ಗೆರೆ ಸೇರಿ ಒಂದಾದವು. ಭಾವ ಕೂಗಿದ ಕೂಗಿಗೆ ಅಕ್ಕ ಹಾವು ಕಚ್ಚಿತೆಂದು ಓಡಿ ಬಂದಳು. ಮಾತು ಬಿಟ್ಟಿದ್ದು ಅಲ್ಲಿಗೆ ಮುರಿಯಿತು.

ಅಂದಿನಿಂದ ಮಟ್ಟಕ್ಕೆ ರಾಜೋಪಚಾರ. ತಂಡಿ ತಾಗಬಾರದೆಂದು ಒಲೆಯ ಮೇಲಿನ ಹಲಗೆಯಲ್ಲಿ, ಹಪ್ಪಳದ ಡಬ್ಬ ಇಳಿಸಿ, ಅದಕ್ಕೆ ಜಾಗ. ಊರಿಗೆ ಹೊರಟರೆ ಹಳೇ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿ. ತೀರ್ಥಹಳ್ಳಿಯಲ್ಲಿ ನೆಂಟರ ಮದುವೆಗೆ ಹೋದಾಗ ಮಂಟಪದ ಕಂಬಕ್ಕೇ ಹಿಡಿದು, "ಭಟ್ರೇ, ಇದು ಸೊಟ್ಟ" ಎಂದರು. ಭಟ್ಟರು ಮಂತ್ರದ ನಡುವೆಯೇ, "ಮುಹೂರ್ತ ನೆಟ್ಟಗುಂಟು, ನೀವು ಕೂತ್ಕೊಳಿ" ಎಂದು ಮುಂದುವರಿಸಿದರು. ಇನ್ನೊಮ್ಮೆ ಹುಲಿಕಲ್ ಘಾಟಿ ಇಳಿಯುವ ಬಸ್ಸಿನಲ್ಲಿ ಸುಮ್ಮನೆ ಕೂರಲಾರದೆ ಕಿಟಕಿಗೆ ಮಟ್ಟ ಹಿಡಿದು, ತಿರುವಿನಲ್ಲಿ ಸರಿಯಾಗಿ, "ಓಹೋ! ಬಸ್ಸು ವಾಲಿದೆ!" ಎಂದು ಉದ್ಗರಿಸಿದರು. ಎಡಗಡೆ ಕೂತವರೆಲ್ಲ ಬಲಗಡೆಯವರ ತೊಡೆಯ ಮೇಲೆ! ಕಂಡಕ್ಟರ್ ನಮ್ಮಿಬ್ಬರನ್ನೂ ಅಲ್ಲೇ ಇಳಿಸಿದ. ಇಂಥವರ ಜೊತೆ ಪ್ರಯಾಣ ಮಾಡುವುದಾದರೆ ಬೇರೆ ಸೀಟಿನಲ್ಲಿ ಕೂತು, ಪರಿಚಯವಿಲ್ಲದಂತೆ ಇರಿ.

ಇಷ್ಟೆಲ್ಲ ನಕ್ಕಿದ್ದಾಯಿತು. ಆದರೆ ನಿಟ್ಟೂರಿನ ಒಬ್ಬ ವಯಸ್ಸಾದ ಅಮ್ಮನ ಬಾಗಿಲಿನ ಮುಂದೆ ನಗು ನಿಂತುಹೋಯಿತು.

ಆಕೆ ಮುಳುಗಡೆಯಿಂದ ಎದ್ದು ಬಂದವಳು. ಗಂಡ ತೀರಿಹೋಗಿದ್ದ. ಮಗನೊಂದಿಗೆ ನಿಟ್ಟೂರಿನ ಹತ್ತಿರ ಹೊಸ ಮನೆ ಕಟ್ಟಿಸಿದ್ದಳು. ಹಳೇ ಮನೆಯಿಂದ ತಂದದ್ದು ಮುಂಬಾಗಿಲಿನ ಕದ ಒಂದೇ. ಚೌಕಟ್ಟು ಗೆದ್ದಲು ಹಿಡಿದಿತ್ತೆಂದು ಅಲ್ಲೇ ಬಿಟ್ಟಿದ್ದರು, ಅದರ ಮೇಲೀಗ ನೀರು. ಹೊಸ ಚೌಕಟ್ಟು ಮಾಡಿ ಈ ಕದ ಕೂರಿಸಬೇಕು, ಗೃಹಪ್ರವೇಶಕ್ಕೆ ಮೊದಲು. ಕೆಲಸ ಭಾವನಿಗೆ ಕೊಡಿಸಿದವನು ನಾನೇ.

ಭಾವ ಕದವನ್ನು ನೆಲಕ್ಕೆ ಮಲಗಿಸಿ ಮಟ್ಟ ಇಟ್ಟರು. ಒಂದು ಮೂಲೆಯಲ್ಲಿ ಹೆಬ್ಬೆರಳು ನುಗ್ಗುವಷ್ಟು ಸಂದು! ಇರುವೆ ಏನು, ಕಪ್ಪೆ ಹೋಗಬಹುದಿತ್ತು.

"ಅಮ್ಮಾ, ಕದ ಸೊಟ್ಟ. ಮೇಲೆ ಕೆಳಗೆ ಕುಯ್ದು ಸರಿಮಾಡ್ತೀನಿ."

"ಗರಗಸ ಮುಟ್ಟಿಸ್ಬೇಡ ಮಗಾ," ಎಂದಳು ಆಕೆ. "ಕದ ಸೊಟ್ಟ ಅಲ್ಲ. ನಮ್ಮನೆ ಸೊಟ್ಟ ಇತ್ತು. ಗ್ವಾಡೆ ಕುಸ್ದಂಗೆಲ್ಲಾ ನಮ್ಮನೆಯವ್ರು ವರ್ಷ ವರ್ಷ ಕೆತ್ತಿ ಕೆತ್ತಿ ಹೊಂದ್ಸೋರು. ಆ ಮನೆಗೆ ಇದು ಸರಿಯಾಗೇ ಇತ್ತು."

"ಆದ್ರೆ ನಾನು ಸೊಟ್ಟ ಚೌಕಟ್ಟು ಮಾಡಲ್ಲ ಅಮ್ಮಾ. ನನ್ನ ಕೈಯಲ್ಲಾಗಲ್ಲ."

"ಆಗ್ದಿದ್ರೆ ಬಾಗ್ಲಿಲ್ದೇನೇ ಇರ್ತೀನಿ, ಬಿಡು."

ನಾನು ಸುಮ್ಮನಿರುತ್ತೇನೆಯೇ? ಸಂದಿಗೆ ಪಟ್ಟಿ ಹೊಡೆಯೋಣ ಎಂದೆ. ಈ ಕದ ನನಗೆ ಕೊಡಿ, ಹೊಸದು ತರುತ್ತೇನೆ ಎಂದೆ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದ ನೋಟಕ್ಕೆ ಕಾಫಿ ಕುಡಿಯುವ ನೆಪದಲ್ಲಿ ಅವರ ಪಕ್ಕದ ಬಿಡಾರದೊಳಗೆ ನಡೆದೆ. ಗೃಹಪ್ರವೇಶ ಎದುರಿಗೇ ಇದೆ. ಕದ ಕುಯ್ಯಲು ಅವಳು ಬಿಡಳು, ಸೊಟ್ಟ ಗೆರೆ ಎಳೆಯಲು ಇವರು ಒಪ್ಪರು. ಮುಂಬಾಗಿಲಿಲ್ಲದ ಹೊಸ ಮನೆಗೆ ಕಾಲಿಡುವುದು ಹೇಗೆ?

ಕಾಫಿ ಕುಡಿದು ಹೊರಬಂದರೆ ಭಾವ ಮಟ್ಟವನ್ನು ಸೀರೆಗೆ ಸುತ್ತಿಡುತ್ತಿದ್ದರು. ಹೊರಟೇಬಿಟ್ಟರಲ್ಲಪ್ಪ ಎಂದುಕೊಂಡೆ. ಇಲ್ಲ! ಚೌಕಟ್ಟಿನ ಮರಗಳನ್ನು ತಂದು ಕದದ ನಾಲ್ಕೂ ಬದಿಗೆ ತಾಗಿಸಿಟ್ಟು, ಕದದ ಅಂಚನ್ನೇ ನೋಡಿ ಗೆರೆ ಎಳೆಯತೊಡಗಿದರು. ತುಟಿ ಬಿಗಿದಿತ್ತು. ಕಹಿ ಕಷಾಯ ಕುಡಿಯುವವರ ಮುಖ.

ಗೃಹಪ್ರವೇಶದ ಬೆಳಿಗ್ಗೆ ಬಾಗಿಲು ನಿಂತಿತು, ಆ ಸೊಟ್ಟ ಚೌಕಟ್ಟಿನಲ್ಲಿ ಎಲ್ಲೂ ಸಂದಿಲ್ಲದೆ. ಹೊಸಿಲು ಪೂಜೆಯಾಯಿತು. ಭಾವ ಬಾಗಿಲು ಮುಚ್ಚಿ ತೋರಿಸಿ ಕೈ ತೆಗೆದರು. ಅದು ಕಿರ್ ಎನ್ನುತ್ತ ತಾನಾಗಿಯೇ ತೆರೆದುಕೊಂಡಿತು! ಮತ್ತೆ ಮುಚ್ಚಿದರು. ಮತ್ತೆ ತೆರೆಯಿತು. ಚೌಕಟ್ಟು ವಾಲಿದ್ದರೆ ಕದ ನಿಂತಲ್ಲಿ ನಿಲ್ಲುವುದಿಲ್ಲ, ಮರಗೆಲಸದವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಬಂದ ನೆಂಟರೆಲ್ಲ ನೋಡುತ್ತಿದ್ದರು. ಭಾವನ ಮುಖ ಕಪ್ಪಿಟ್ಟಿತು. ಉಳಿಗೆ ಕೈ ಹಾಕಿದರು.

ಅಮ್ಮ ಅವರ ಕೈ ಹಿಡಿದುಕೊಂಡಳು.

"ಬ್ಯಾಡ ಮಗಾ, ಮುಟ್ಬೇಡ. ಅಲ್ಲೂ ಹಿಂಗೇ ತೆರ್ಕಳ್ತಿತ್ತು. ಅಗುಳಿ ಹಾಕಾದು ಮರ್ತ್ರೆ, ಯಾರೋ ಬಂದ್ರು ಅಂತ ನಾನು ಒಳಗಿಂದ ಓಡಿ ಬರ್ತಿದ್ದೆ." ಕಣ್ಣು ಒರೆಸಿಕೊಂಡು ನಕ್ಕಳು. "ಬಂತಲ್ಲ, ನಮ್ಮನೆ ಬಂತು!"

ಭಾವ ಉಳಿಯನ್ನು ಚೀಲಕ್ಕೆ ಹಾಕಿದರು. ಎಲೆ ಹಾಕಿ ಕರೆದರೂ ಊಟಕ್ಕೆ ಏಳಲಿಲ್ಲ. ಹೊಸಿಲ ಪಕ್ಕದಲ್ಲೇ ಕೂತು ಬಾಗಿಲನ್ನು ಮೆಲ್ಲಗೆ ಮುಚ್ಚುವರು, ಅದು ತಾನಾಗಿ ತೆರೆದುಕೊಳ್ಳುವುದನ್ನು ನೋಡುವರು, ಮತ್ತೆ ಮುಚ್ಚುವರು.