ರೋಗ ಸಾಕಿದ ಹೊಲ

ಬಟಾಣಿ ತಳಿ ಬೆಳೆಸುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತೆ ಎಂದು ನೆಂಟರು ಕೇಳುತ್ತಾರೆ. ಅವರಿಗೇನು ಗೊತ್ತು! ಆಲೂರು, ಸಕಲೇಶಪುರದ ದಿಬ್ಬಗಳಲ್ಲಿ ಬಟಾಣಿ ಹಿಂದೆ ಅಲೆಯುವ ನಾನು ನಗೆಪಾಟಲಾಗದೆ ಮನೆ ಸೇರಿದ ದಿನಗಳೇ ಕಡಿಮೆ.

ನನ್ನ ಕೆಲಸ ಇಷ್ಟೇ. ಬಟಾಣಿಗೆ ಬೇರು ಕೊಳೆ ರೋಗ ಬರುತ್ತೆ. ಮಣ್ಣಲ್ಲಿ ತೇವ ಹೆಚ್ಚಾದರೆ ಬೇರು ಕಪ್ಪಾಗಿ, ಎಲೆ ಹಳದಿಯಾಗಿ, ಹೂ ಬಿಡುವ ಹೊತ್ತಿಗೆ ಗಿಡ ನೆಲ ಕಚ್ಚುತ್ತೆ. ಒಮ್ಮೆ ಮಣ್ಣು ಸೇರಿದ ರೋಗ ವರ್ಷಗಟ್ಟಲೆ ಅಲ್ಲೇ ಬಿಡಾರ ಹೂಡುತ್ತೆ. ಅದನ್ನು ತಾಳಿಕೊಂಡು ಬದುಕುವ, ತಿನ್ನಲೂ ರುಚಿಯಾಗಿರುವ ಒಂದು ತಳಿ ಹುಟ್ಟಿಸಬೇಕು. ಹೇಳಲಿಕ್ಕೆ ಒಂದೇ ವಾಕ್ಯ, ಮಾಡುವಷ್ಟರಲ್ಲಿ ನನ್ನ ತಲೆಗೂದಲು ಅರ್ಧ ಹೋಗಿದೆ.

ಕೆಟ್ಟ ಜಮೀನು ಬೇಕಾಗಿದೆ

ಯಾವ ಗಿಡ ರೋಗ ತಾಳುತ್ತೆ ಎಂದು ತಿಳಿಯಬೇಕಾದರೆ ಮೊದಲು ರೋಗ ತುಂಬಿದ ನೆಲ ಬೇಕು. ಆಲೂರಿನ ಹತ್ತಿರ ಒಂದು ಹಳ್ಳಿಯ ಟೀ ಅಂಗಡಿಯಲ್ಲಿ ವಿಚಾರಿಸಿದೆ. ಅಲ್ಲಿದ್ದ ಗೌಡರೊಬ್ಬರಿಗೆ ಸಿಟ್ಟೇ ಬಂತು.

"ನಮ್ ಹೊಲದಲ್ಲಿ ರೋಗಾನಾ? ನಮ್ದು ಬಂಗಾರ ಕಣ್ರೀ. ಪಕ್ಕದ್ದು ನಮ್ ತಮ್ಮಂದು ಐತೆ, ಅದನ್ನ ನೋಡಿ. ಅದ್ರಲ್ಲಿ ಕಲ್ಲು ಹೂತ್ರೂ ಕೊಳ್ತೋಯ್ತದೆ."

ತಮ್ಮನನ್ನು ಕೇಳಿದರೆ ಅವನೂ ಅಣ್ಣನ ಹೊಲದ ಕಡೆಗೇ ಕೈ ತೋರಿಸಿದ. ಹೊಲ ಕೊಟ್ಟವರಿಗೆ ಗುತ್ತಿಗೆ ಹಣ ಸಿಗುತ್ತೆ ಎಂಬ ಮಾತನ್ನು ಟೀ ಅಂಗಡಿಯಲ್ಲಿ ಬಿಟ್ಟು ಬಂದೆ. ಮರುದಿನ ನಾನು ಬಸ್ಸಿಳಿಯುವ ಹೊತ್ತಿಗೆ ಗೌಡರು ಕಾದು ನಿಂತಿದ್ದರು.

"ಸಾರ್, ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ನಿಮಗೆ ಎಂಥಾ ರೋಗ ಬೇಕು ಹೇಳಿ, ನಮ್ ಹೊಲದಲ್ಲಿ ಇಲ್ಲದ್ದೇ ಇಲ್ಲ. ತಮ್ಮಂದ್ರಲ್ಲಿ ಏನೈತೆ ಮಣ್ಣು? ಬರೀ ಬಂಗಾರ!"

ಸಾವಿನ ಮನೆಯಲ್ಲಿ ನಗು

ಗೌಡರ ಹೊಲ ಮಾತು ಉಳಿಸಿಕೊಂಡಿತು. ಮೊದಲ ಬೆಳೆಯಲ್ಲೇ ನೂರಾರು ಗಿಡಗಳು ಸಾಲು ಸಾಲಾಗಿ ಮಲಗಿಬಿಟ್ಟವು. ರೋಗ ಇಡೀ ಹೊಲಕ್ಕೆ ಒಂದೇ ಸಮ ಹರಡಿದೆ ಎಂದರೆ ಪರೀಕ್ಷೆ ಸರಿಯಾಗಿದೆ ಎಂದರ್ಥ. ಸತ್ತ ಗಿಡ ಕಿತ್ತು ಕಪ್ಪು ಬೇರು ನೋಡಿ, "ಭೇಷ್! ಎಷ್ಟು ಚೆನ್ನಾಗಿ ಹಿಡಿದಿದೆ!" ಎಂದು ನಕ್ಕೆ. ಇನ್ನೊಂದು ಕಿತ್ತೆ, ಇನ್ನೂ ಜೋರಾಗಿ ನಕ್ಕೆ.

ಗೌಡರು ನನ್ನ ತೋಳು ಹಿಡಿದು ಮನೆಗೆ ಕರೆದೊಯ್ದರು. ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಡಿಸಿ, ಯಾರಿಗೂ ಕೇಳದ ಹಾಗೆ ಹೇಳಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಶುಂಠಿ ಕೊಳ್ತೋದಾಗ ನಮ್ ಭಾವಂಗೂ ಹಿಂಗೇ ನಗು ಹಿಡ್ಕಂಡಿತ್ತು. ಹಾಸನದಲ್ಲಿ ಒಬ್ರು ಡಾಕ್ಟ್ರು ಅವ್ರೆ. ಒಂದಷ್ಟು ದಿನ ಮಾತ್ರೆ ನುಂಗ್ದ. ಈಗ ಎಲ್ಲಾರಂಗೆ ಸರಿಯಾಗಿ ಅಳ್ತಾನೆ."

ಅಕ್ಕನ ಪುಣ್ಯ

ಮರುವರ್ಷ ಮತ್ತೆ ಬಿತ್ತಿದೆ. ಗಿಡಗಳು ಹಳದಿಯಾಗತೊಡಗಿದವು. ಸಂತೋಷದಿಂದ ಒಂದು ಸಭೆಗೆಂದು ಊರು ಬಿಟ್ಟು ಹೋದೆ. ವಾಪಸು ಬಂದು ನೋಡಿದರೆ ಹೊಲ ಹಚ್ಚಗೆ ನಳನಳಿಸುತ್ತಿದೆ! ಸಾಯಲೇಬೇಕಿದ್ದ ಗಿಡಗಳೂ ತಲೆ ಎತ್ತಿ ನಿಂತಿವೆ. ಇನ್ನು ತಾಳುವುದು ಯಾವುದು, ತಾಳದ್ದು ಯಾವುದು ಎಂದು ಗುರುತಿಸುವುದು ಹೇಗೆ? ಒಂದು ವರ್ಷದ ಕೆಲಸ ನೀರುಪಾಲು. ಬದುವಿನ ಮೇಲೆ ಕೂತುಬಿಟ್ಟೆ.

ಗೌಡರ ಹೆಂಡತಿ ಬೀಗುತ್ತಾ ಬಂದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

"ನೀವೂ ಊರಲ್ಲಿರ್ಲಿಲ್ಲ. ಪಾಪ, ಕಣ್ಮುಂದೇನೇ ಸಾಯ್ತಿದ್ವು. ಮೆಣಸಿನ ಬಳ್ಳಿಗೆ ರೋಗಕ್ಕೇಂತ ಹೊಡ್ದು ಉಳಿದಿದ್ದ ಮೈಲುತುತ್ತ, ಸುಣ್ಣದ ನೀರ್ನ ಬುಡಬುಡಕ್ಕೂ ಹುಯ್ಸಿದೆ. ನೋಡಿ ಹೆಂಗೆ ಎದ್ದು ಕೂತವೆ!"

ಅವರ ಮುಖದ ಸಂತೋಷ ನೋಡಿ ಬಯ್ಯಲು ಬಾಯಿ ಬರಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂದುಬಿಟ್ಟಿತು.

"ಅಯ್ಯೋ, ಇಷ್ಟಕ್ಕೆಲ್ಲಾ ಯಾರಾದ್ರೂ ಅಳ್ತಾರಾ! ಮುಂದಿನ ವರ್ಷಾನೂ ನಾನೇ ಹುಯ್ಸ್ತೀನಿ ಬುಡಿ."

ಅತ್ತೆ ಸಮೇತ ವರ

ಹೇಗೋ ರೋಗಕ್ಕೆ ಜಗ್ಗದ ಒಂದು ಬಟಾಣಿ ಸಿಕ್ಕಿತು. ನೇರಳೆ ಹೂ, ಸಣ್ಣ ಕಾಳು, ಬೇರು ಮಾತ್ರ ಕಬ್ಬಿಣ. ಆದರೆ ಬಾಯಿಗೆ ಹಾಕಿದರೆ ನಾಲಿಗೆ ಮರಗಟ್ಟುವಷ್ಟು ಒಗರು. ಅದರ ಪರಾಗ ತಂದು ಬಿಳಿ ಹೂವಿನ ಸಿಹಿ ಬಟಾಣಿಗೆ ಮುಟ್ಟಿಸುತ್ತಿದ್ದೆ. ಏನು ಮಾಡುತ್ತಿದ್ದೀರಿ ಎಂದು ಅಕ್ಕ ಕೇಳಿದರು. ಮದುವೆ ಎಂದೆ.

ಸಂಜೆ ಕಾಫಿ ಕುಡಿಯುವಾಗ ಬಿಡಿಸಿ ಹೇಳಿದೆ. ರೋಗ ತಾಳುವ ಗುಣ ಒಂದೇ ವಂಶವಾಹಿಯದಲ್ಲ, ಹಲವು ಸೇರಿ ಕೊಡುವಂಥದ್ದು. ಅವುಗಳಲ್ಲಿ ಮುಖ್ಯವಾದದ್ದು ಒಗರಿನ ಪಕ್ಕದಲ್ಲೇ ಅಂಟಿಕೊಂಡು ಕೂತಿದೆ. ಒಂದನ್ನು ಕರೆದರೆ ಇನ್ನೊಂದೂ ಬರುತ್ತೆ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಂದು ಬೆಳೆಸುತ್ತಾ ಹೋದರೆ ಎಲ್ಲೋ ಒಂದರಲ್ಲಿ ಅಂಟು ಬಿಡಬಹುದು. ಅಜ್ಜನ ಬೇರು, ಅಜ್ಜಿಯ ಸಿಹಿ ಎರಡೂ ಇರುವ ಆ ಒಂದಕ್ಕಾಗಿ ನಾನು ಹುಡುಕುತ್ತಿರುವುದು.

ಅಕ್ಕನಿಗೆ ಥಟ್ಟನೆ ಅರ್ಥವಾಯಿತು. "ಅಂದ್ರೆ ಹುಡ್ಗ ಚಿನ್ನದಂಥೋನು, ಆದ್ರೆ ಅತ್ತೆ ಜೊತೇಲೇ ಬತ್ತಾಳೆ ಅನ್ನಿ."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗೌಡರ ತಾಯಿ ತಲೆ ಎತ್ತಲೇ ಇಲ್ಲ.

"ನಾನೂ ನಿನ್ ವಯಸ್ಸಲ್ಲಿ ಹಿಂಗೇ ಅಂತಿದ್ದೆ ಕಣಮ್ಮ. ನಮ್ಮತ್ತೆ ಅದನ್ನ ಕೇಳಿಸ್ಕಂಡೇ ತೊಂಬತ್ತು ವರ್ಷ ಬಾಳಿದ್ರು."

ಮರದ ಮೇಲಿನ ಪರೀಕ್ಷಕರು

ಮೊಮ್ಮಕ್ಕಳ ಕಾಲ ಬಂತು. ರೋಗದ ಹೊಲದಲ್ಲಿ ಗಟ್ಟಿಯಾಗಿ ನಿಂತ ಗಿಡಗಳು ಬೇಕಾದಷ್ಟಿದ್ದವು. ರುಚಿ ಹೇಗಿದೆ ಹೇಳಿ ಎಂದು ನಮ್ಮ ಕಚೇರಿಯವರಿಗೆ ಕೊಟ್ಟರೆ ಎಲ್ಲರೂ ನನ್ನ ಮುಖ ನೋಡಿ, "ಪರವಾಗಿಲ್ಲ" ಎನ್ನುವವರೇ. ನನ್ನ ನಾಲಿಗೆಯೂ ನಂಬಿಕೆಗೆ ಅರ್ಹವಲ್ಲ, ಹೆತ್ತವರಿಗೆ ಹೆಗ್ಗಣ ಮುದ್ದು.

ನಿಜ ಹೇಳಿದ್ದು ಕೋತಿಗಳು. ಒಂದು ಹಿಂಡು ಹೊಲಕ್ಕೆ ಇಳಿಯಿತು. ಮುಂದಾಳು ಗಡವ ನನ್ನ ಗಿಡದಿಂದ ಕಾಯಿ ಕಿತ್ತು, ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡಿತು. ಮುಖ ಕಿವುಚಿ ಉಗಿಯಿತು. ಉಳಿದ ಕಾಯಿಯನ್ನು ನನ್ನ ಕಡೆಗೇ ಎಸೆದು ಹಿಂಡು ಕರೆದುಕೊಂಡು ಹೊರಟೇಹೋಯಿತು.

"ಪುಣ್ಯವಂತರು ಸಾರ್ ನೀವು," ಎಂದರು ಗೌಡರು. "ಕಾವಲಿನ ಖರ್ಚೇ ಇಲ್ಲ."

ಫಲಿತಾಂಶ

ಆಮೇಲೆ ಕೆಲವು ವರ್ಷ ಅದೇ ಕಥೆ. ಬಿತ್ತುವುದು, ರೋಗ ಹಿಡಿಸುವುದು, ಉಳಿದದ್ದನ್ನು ಆರಿಸುವುದು, ಕೋತಿ ಬಂದು ಉಗಿಯುವುದು. ಈ ಬಟಾಣಿಯ ಅಂಟು ಬಿಡುವ ಮೊದಲು ನನಗೆ ನಿವೃತ್ತಿ ಬಂದೀತು ಎಂದು ನಿಜಕ್ಕೂ ಹೆದರಿಕೆಯಾಗಿತ್ತು.

ಕಳೆದ ಬೆಳೆಯಲ್ಲಿ ಒಂದು ತಳಿಯ ಕೆಲವು ಸಾಲು ಗಿಡಗಳು ಸಿಹಿ ಅಜ್ಜಿಯ ಹಾಗೆ ಬಿಳಿ ಹೂ ಬಿಟ್ಟವು. ಸುತ್ತಲಿನವು ಕೊಳೆತು ಮಲಗಿದರೂ ಇವು ಮಲಗಲಿಲ್ಲ. ಬೀಜಕ್ಕೆಂದು ಒಂದು ಸಾಲಿಗೆ ಬಲೆ ಹೊದಿಸಿ ಭದ್ರ ಮಾಡಿ, ಉಳಿದ ಸಾಲುಗಳನ್ನು ತೆರೆದೇ ಬಿಟ್ಟೆ.

ಕಾಯಿ ತುಂಬಿದ ಮೇಲೆ ಒಂದು ಬೆಳಗ್ಗೆ ಹೋದರೆ ಇಡೀ ಕೋತಿ ಹಿಂಡು ಆ ತೆರೆದ ಸಾಲುಗಳಲ್ಲಿ ಕೂತಿದೆ! ಗಡವನ ಎರಡೂ ಕೆನ್ನೆ ಉಬ್ಬಿವೆ. ಮರಿಗಳು ಕಾಯಿಗಾಗಿ ಕಿತ್ತಾಡುತ್ತಿವೆ. ಒಂದು ತಾಯಿಕೋತಿ ಬಲೆಯೊಳಗೆ ಕೈ ತೂರಿಸಲು ಹೆಣಗುತ್ತಿದೆ. ಗೌಡರು ಪಟಾಕಿ ಹಿಡಿದು ಓಡಿ ಬಂದರು. ನಾನು ಅವರನ್ನು ತಬ್ಬಿ ಹಿಡಿದುಕೊಂಡೆ.

"ಬೇಡ ಗೌಡ್ರೇ, ಹಚ್ಚಬೇಡಿ! ತಿನ್ನಲಿ! ಹೊಟ್ಟೆ ತುಂಬ ತಿನ್ನಲಿ!"

ಒಂದು ಕಾಯಿಯನ್ನೂ ಉಗಿಯಲಿಲ್ಲ. ಸಿಪ್ಪೆ ಮಾತ್ರ ಬಿಟ್ಟು ಹೋದವು. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಆಲೂರಿನ ಬೇಕರಿಗೆ ಓಡಿ ಮೈಸೂರುಪಾಕು ತಂದು ಊರಿಗೆಲ್ಲಾ ಹಂಚಿದೆ. ಗೌಡರು ಕೈಯಲ್ಲಿ ಸಿಹಿ ಹಿಡಿದು, ಬೋಳಾದ ಸಾಲುಗಳನ್ನೂ ನನ್ನನ್ನೂ ನೋಡಿದರು.

"ಸಾರ್, ಮೊದಲ ವರ್ಷ ಗಿಡ ಸತ್ತಾಗ ನಕ್ರಿ. ಆಮೇಲೆ ಗಿಡ ಬದುಕ್ದಾಗ ಅತ್ರಿ. ಈಗ ಕೋತಿ ತಿಂದ್ಕಂಡೋದ್ರೆ ಸ್ವೀಟ್ ಹಂಚ್ತಾ ಇದೀರಿ. ಹಾಸನದ ಆ ಡಾಕ್ಟ್ರು ಇನ್ನೂ ಅಲ್ಲೇ ಅವ್ರೆ ಕಣ್ರೀ. ಬಸ್ ಚಾರ್ಜ್ ನಾನೇ ಕೊಡ್ತೀನಿ, ಏಳಿ."