ನಂಜನಗೂಡಿನ ವಿಠ್ಠಲ

ಬದರಿನಾಥನ ಕಷ್ಟಕ್ಕೆಲ್ಲ ಮೂಲ ಒಂದು ವೆಟ್ ಗ್ರೈಂಡರ್. ಅದನ್ನು ಕೊಂಡದ್ದು ಕ್ರೆಡಿಟ್ ಕಾರ್ಡಿನಲ್ಲಿ, ಮನೆಯಲ್ಲಿ ಹೇಳಿದ್ದು ಆಫೀಸಿನ ಬೋನಸ್ಸಿನಲ್ಲಿ ಎಂದು. ಹೆಂಡತಿ ಜಯಲಕ್ಷ್ಮಿ ಹಿಗ್ಗಿದ್ದನ್ನು ಕಂಡು ಅವನಿಗೆ ಹುರುಪು ಬಂತು. ಗ್ರೈಂಡರಿನ ಹಿಂದೆ ಫ್ರಿಜ್ಜು, ಫ್ರಿಜ್ಜಿನ ಹಿಂದೆ ಕಲರ್ ಟೀವಿ ಮದ್ರಾಸಿನ ಪುರಸೈವಾಕ್ಕಂನ ಅಂಗಡಿಗಳಿಂದ ಹೊರಟು ಅವನ ಮನೆಯ ಮೆಟ್ಟಿಲೇರಿದವು. ಎಲ್ಲವೂ ಬೋನಸ್ಸೇ. ವರ್ಷ ಕಳೆಯುವಷ್ಟರಲ್ಲಿ ಬಡ್ಡಿ ಸೇರಿ ಬಾಕಿ ನಲವತ್ತು ಸಾವಿರ ಮುಟ್ಟಿತು. ಬ್ಯಾಂಕಿನವರ ಕಾಗದಗಳನ್ನು ಅವನು ಬಸ್ಸಿನಲ್ಲೇ ಓದಿ ಬಸ್ಸಿನಲ್ಲೇ ಹರಿದು ಹಾಕುತ್ತಿದ್ದ.

ದೀಪಾವಳಿಗೆ ಮುಂಚಿನ ಒಂದು ಶನಿವಾರ ಬೆಳಿಗ್ಗೆ ಮನೆಯ ಫೋನು ಹೊಡೆದುಕೊಂಡಿತು. ಎತ್ತಿದವಳು ಮಗಳು ಶ್ರೀಪ್ರಿಯಾ.

"ಅಪ್ಪಾ, ಯಾರೋ ಕನ್ನಡತ್ತುಲ ಪೇಸರಾಂಗ," ಯಾರೋ ಕನ್ನಡದಲ್ಲಿ ಮಾತಾಡುತ್ತಿದ್ದಾರೆ ಎಂದು ತಮಿಳಿನಲ್ಲಿ ತಿಳಿಸಿ, ರಿಸೀವರನ್ನು ಅಪ್ಪನ ಕೈಗೆ ಹಾಕಿ ಟ್ಯೂಷನ್ನಿಗೆ ಹೊರಟುಹೋದಳು.

ಬದರಿನಾಥನ ಮನೆತನ ಮದ್ರಾಸಿಗೆ ಬಂದು ಮೂರು ತಲೆಮಾರಾಗಿತ್ತು. ಅಪರಿಚಿತರು ಕನ್ನಡದಲ್ಲಿ ಮಾತಾಡಿಸಿದರೆ ಅವನ ಎದೆ ತುಪ್ಪದ ಹಾಗೆ ಕರಗುತ್ತಿತ್ತು. ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೇಳಿದರೆ ಹತ್ತು ಸಲ ಅನುಮಾನಿಸುವ ಮಾತಿಗೆ ಕನ್ನಡದಲ್ಲಾದರೆ ಕೂಡಲೇ ತಲೆಯಾಡಿಸಿಬಿಡುವನು.

"ನಮಸ್ಕಾರ ಸಾರ್. ನಾನು ವಿಠ್ಠಲ ಅಂತ, ಸಾಲ ಪರಿಹಾರ ಕೇಂದ್ರದಿಂದ. ನಿಮ್ಮ ಕಾರ್ಡಿನ ಬಾಕಿ ಎಷ್ಟಿದೆ ಸಾರ್?"

"ನಲವತ್ತು ಸಾವಿರ," ಬದರಿನಾಥ ಪಿಸುಗುಟ್ಟಿದ.

"ಅದೇ, ನಲವತ್ತು. ನನ್ನ ಮುಂದೇನೇ ಇದೆ. ಅದನ್ನ ಇಪ್ಪತ್ತಕ್ಕೆ ಇಳಿಸಿಕೊಡ್ತೀವಿ. ನಮ್ಮ ಫೀಸು ಐದು ಸಾವಿರ, ಇವತ್ತು ಬ್ಯಾಂಕ್ ಮುಚ್ಚೋದರೊಳಗೆ ಕಟ್ಟಿಬಿಡಬೇಕು. ಅಕೌಂಟ್ ನಂಬರ್ ಬರ್ಕೊಳಿ. ಕಾರ್ಡಿನೋರ ಹತ್ರ ಮಾತ್ರ ಬಾಯಿ ಬಿಡಬೇಡಿ, ಕೆಲಸ ಕೆಡತ್ತೆ. ನಮ್ಮೋರು ಅಂತ ಹೇಳ್ತಿದೀನಿ."

ನಮ್ಮೋರು ಎಂದ ಮೇಲೆ ಇನ್ನೇನಿದೆ? ನಂಬರನ್ನು ಅಂಗೈ ಮೇಲೆ ಬರೆದುಕೊಂಡ. ಆಫೀಸಿನಲ್ಲಿ ಹಬ್ಬಕ್ಕೆಂದು ಕೊಟ್ಟ ಅಡ್ವಾನ್ಸು ಸರಿಯಾಗಿ ಐದು ಸಾವಿರ, ಅಂಗಿಯ ಜೇಬಿನಲ್ಲೇ ಇತ್ತು.

"ಯಾರ್ರೀ ಅದು?" ಎಂದು ಪೇಪರಿನ ಮರೆಯಿಂದ ಒಂದು ತಲೆ ಎದ್ದಿತು. ಅದು ಮಹಡಿಯ ಮನೆಯ ಚನ್ನವೀರಪ್ಪನವರ ತಲೆ. ಹಾವೇರಿಯ ಕಡೆಯವರು. ಬಟ್ಟೆ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಅಕ್ಕಪಕ್ಕದ ಮನೆಗಳ ವ್ಯವಹಾರವನ್ನು ಅವರು ವಹಿಸಿಕೊಂಡಿದ್ದರು.

ಅದೇ ಹೊತ್ತಿಗೆ ಜಯಲಕ್ಷ್ಮಿಯೂ ಸೆರಗಿಗೆ ಕೈ ಒರೆಸುತ್ತ ಬಂದಳು. "ಯಾರುರೀ ಕನ್ನಡದೋರು?"

ಬದರಿನಾಥ ಸುತ್ತ ನೋಡಿದ. ಗೂಡಿನಲ್ಲಿದ್ದ ನಂಜನಗೂಡು ಹಲ್ಲುಪುಡಿಯ ಪೊಟ್ಟಣ ಕಣ್ಣಿಗೆ ಬಿತ್ತು. "ವಿಠ್ಠಲ ಕಣೆ. ನಂಜನಗೂಡಿನ ನಮ್ಮ ಚಿಕ್ಕಮ್ಮನ ಮಗ."

"ನಂಜನಗೂಡಲ್ಲಿ ನಿಮಗೆ ಚಿಕ್ಕಮ್ಮ ಇದಾರಾ? ಇಷ್ಟು ವರ್ಷ ಹೇಳೇ ಇಲ್ಲ!"

"ಏನೋ ಹಳೇ ಜಗಳ. ಅವರ ಹೆಸರೆತ್ತಬಾರದು ಅಂತ ಅಪ್ಪ ಹೇಳಿದ್ರು."

"ಜಗಳ ಆಡಿದೋರು ದೊಡ್ಡೋರು. ಈ ಹುಡುಗ ಏನು ಮಾಡ್ದ, ಪಾವಂ? ಕೊಡಿ ಇತ್ತ." ಜಯಲಕ್ಷ್ಮಿ ರಿಸೀವರನ್ನು ಕಿತ್ತುಕೊಂಡಳು. "ಏನಪ್ಪಾ ವಿಠ್ಠಲ, ನಾನು ನಿನ್ನ ಅತ್ತಿಗೆ. ನಂಜನಗೂಡಲ್ಲಿ ಎಲ್ಲ ಸೌಖ್ಯವಾ? ಅಮ್ಮ ಹೇಗಿದಾರೆ?"

ಇಲ್ಲಿಗೆ ತನ್ನ ಮಾನ ಹೋಯಿತೆಂದು ಬದರಿನಾಥ ಗೋಡೆ ಹಿಡಿದುಕೊಂಡ. ಆದರೆ ಆ ಕಡೆಯವನು ತಡವರಿಸದೆ, "ಚೆನ್ನಾಗಿದಾರೆ ಅತ್ತಿಗೆ, ಯಾವಾಗಲೂ ನಿಮ್ಮ ಮಾತೇ," ಎಂದಿದ್ದು ಹೊರಗೂ ಕೇಳಿಸಿತು. ಎಂಥ ಚುರುಕು, ಎಂಥ ದೊಡ್ಡ ಮನಸ್ಸು! ಬದರಿನಾಥನಿಗೆ ಕಣ್ಣಲ್ಲಿ ನೀರೇ ಬಂತು. ಜಯಲಕ್ಷ್ಮಿ, "ಮದ್ರಾಸಲ್ಲೇ ಇದೀಯಾ? ಮನೆಗೆ ಬರದೆ ಹೋದ್ರೆ ನೋಡು! ಗಂಗಾಧರೇಶ್ವರನ ಗುಡಿ ಹಿಂದಿನ ಬೀದಿ, ಹಸಿರು ಗೇಟು," ಎಂದು ಹೇಳುತ್ತಲೇ ಇದ್ದಳು. ಅವನು ಅಂಗೈ ಮುಚ್ಚಿಕೊಂಡು, ನುಂಗಂಬಾಕ್ಕಂಗೆ ಹೋಗಿಬರ್ತೀನಿ ಎನ್ನುತ್ತ ಚಪ್ಪಲಿ ಮೆಟ್ಟಿದ.

"ಎಲ್ಲಿಗ್ರೀ? ನುಂಗಂಬಾಕ್ಕಂಗಾ? ಬರ್ತೀನಿ ತಡೀರಿ, ಕನ್ನಡಕ ರಿಪೇರಿಗೆ ಕೊಡೋದೈತಿ," ಎಂದು ಚನ್ನವೀರಪ್ಪನವರೂ ಹಿಂದೆಯೇ ಇಳಿದರು. ಬೇಡವೆಂದರೆ ಯಾಕೆ ಎನ್ನುತ್ತಾರೆ. ಬದರಿನಾಥ ಆಟೋ ಕರೆದ.

ಆಟೋ ತಿರುವು ದಾಟುವ ಮೊದಲೇ ಚನ್ನವೀರಪ್ಪನವರು ತಮ್ಮ ಷಡ್ಡಕನ ಕಥೆ ಶುರು ಮಾಡಿದರು. "ಸಾಲ ಮಾಡ್ಕೊಂಡಿದ್ದ ನೋಡ್ರಿ. ಒಬ್ಬಾವ ಫೋನ್ ಮಾಡಿದ. ಸಾಲ ಅರ್ಧ ಮಾಡಿಸಿಕೊಡ್ತೀನಿ, ಮೊದ್ಲು ಫೀಸು ಕಟ್ಟು ಅಂದ."

ಬದರಿನಾಥ ಜೇಬು ಮುಟ್ಟಿ ನೋಡಿಕೊಂಡ. "ಆಮೇಲೆ?"

"ಇವತ್ತೇ ಕಟ್ಟಬೇಕು ಅಂದ, ನಾಳೆಗಿಲ್ಲ. ಬ್ಯಾಂಕಿನವ್ರಿಗೆ ಹೇಳಬ್ಯಾಡ ಅಂದ. ಸಾಲ ಎಷ್ಟು ಅಂತ ಇವನೇ ಒದರಿ, 'ನೋಡು, ಅವಗ ಎಲ್ಲಾ ಗೊತ್ತೈತಿ' ಅಂತಾನ! ರೊಕ್ಕ ಕಟ್ಟಿದ. ಫೀಸೂ ಹೋತು, ಸಾಲನೂ ಉಳೀತು. ಎಂಥಾ ದಡ್ಡ ಇರಬೇಕ್ರೀ!"

"ಶುದ್ಧ ದಡ್ಡ," ಎಂದ ಬದರಿನಾಥ. ಅವನ ಅಂಗೈ ಬೆವೆತು ನಂಬರು ಅರ್ಧ ಅಳಿಸಿತ್ತು. ಉಳಿದರ್ಧವನ್ನು ಪಂಚೆಗೆ ತಿಕ್ಕಿ ಅಳಿಸಿದ.

ಚನ್ನವೀರಪ್ಪನವರನ್ನು ಕನ್ನಡಕದ ಅಂಗಡಿಯಲ್ಲಿ ಬಿಟ್ಟು ಅವನು ನೇರವಾಗಿ ಹೋದದ್ದು ಕಾರ್ಡು ಕೊಟ್ಟ ಬ್ಯಾಂಕಿಗೆ. ವರ್ಷವಿಡೀ ಹೆದರಿ ದೂರವಿದ್ದ ಜಾಗ. ಅಲ್ಲಿದ್ದ ಹೆಣ್ಣುಮಗಳು ಅವನನ್ನು ತಿನ್ನಲಿಲ್ಲ. ಅಂಥ ಕೇಂದ್ರ ಯಾವುದೂ ತಮಗೆ ಗೊತ್ತಿಲ್ಲ, ಯಾರಿಗೂ ಫೀಸು ಕೊಡಬೇಕಾಗಿಯೂ ಇಲ್ಲ, ಸೋಮವಾರ ಐದು ಸಾವಿರ ಕಟ್ಟಿದರೆ ಉಳಿದದ್ದಕ್ಕೆ ಕಂತು ಮಾಡಿಕೊಡುತ್ತೇವೆ ಎಂದಳು. ಇವತ್ತೇ ಕಟ್ಟುತ್ತೇನೆಂದು ಬದರಿನಾಥ ಜೇಬಿಗೆ ಕೈ ಹಾಕಿದ. ಶನಿವಾರ ಅರ್ಧ ದಿನ, ನಗದು ಕೌಂಟರು ಮುಚ್ಚಿತ್ತು.

ಆದರೇನು, ದುಡ್ಡು ಉಳಿದಿತ್ತು. ದಾರಿಯಲ್ಲಿ ಹೆಂಡತಿಗೆ ಮಲ್ಲಿಗೆ ಹೂವು ಕೊಂಡ. ಮೊದಲ ಕಂತು ಕಟ್ಟಿ ಬಂದು ಅವಳಿಗೆ ಎಲ್ಲವನ್ನೂ ಹೇಳಿಬಿಡಬೇಕು ಎಂದೂ ನಿಶ್ಚಯಿಸಿದ. ಬಹಳ ದಿನದ ಮೇಲೆ ಮನಸ್ಸು ಹಗುರಾಗಿತ್ತು. ಕನ್ನಡಕ ಏರಿಸಿಕೊಂಡ ಚನ್ನವೀರಪ್ಪನವರನ್ನು ಕರೆದುಕೊಂಡು ಮನೆಗೆ ಬಂದು, ಆಟೋ ಬಾಡಿಗೆಯನ್ನೂ ತಾನೇ ಕೊಟ್ಟ.

ಬಾಗಿಲಲ್ಲೇ ಜಯಲಕ್ಷ್ಮಿ ಎದುರಾದಳು. ಅವಳ ಮುಖ ಹಬ್ಬದ ಮನೆಯಂತಿತ್ತು.

"ವಿಠ್ಠಲ ಬಂದಿದ್ದ! ಈಗ ತಾನೇ ಊಟ ಮಾಡ್ಕೊಂಡು ಹೋದ."

ಬದರಿನಾಥನ ಕೈಯಲ್ಲಿದ್ದ ಹೂವು ಜಾರಿತು. "ಯಾವ ವಿಠ್ಠಲ?"

"ನಿಮ್ಮ ಚಿಕ್ಕಮ್ಮನ ಮಗ! ಕೋಡಂಬಾಕ್ಕದಿಂದ ಆಟೋದಲ್ಲಿ ಬಂದ. ಎಂಥ ಹುಡುಗ ಗೊತ್ತಾ! ಕಾಲಿಗೆ ಬಿದ್ದ, ಗೊಜ್ಜು ಎರಡು ಸಲ ಹಾಕಿಸ್ಕೊಂಡ. 'ಅಣ್ಣ ನನಗೋಸ್ಕರ ಬ್ಯಾಂಕಿಗೆ ಹೋಗಿದಾರೆ, ಬರಲೇ ಇಲ್ವಲ್ಲ ಅತ್ತಿಗೆ' ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ. ನಿಮ್ಮ ಚಿಕ್ಕಮ್ಮಂಗೆ ಕಣ್ಣಿನ ಆಪರೇಷನ್ನಂತಲ್ಲ, ಐದು ಸಾವಿರ ಕೊಡ್ತೀನಿ ಅಂದಿದ್ರಂತಲ್ಲ. ನನಗೆ ಯಾಕೆ ಹೇಳಲಿಲ್ಲ? ನಾನು ಬೇಡ ಅಂತಿದ್ನಾ?"

"ನೀನು... ಏನು ಮಾಡಿದೆ?"

"ಚೀಟಿ ದುಡ್ಡಿತ್ತಲ್ಲ, ಅದರಲ್ಲಿ ಐದು ಸಾವಿರ ಕೊಟ್ಟು ಕಳಿಸ್ದೆ. ನೀವು ಅವನಿಗೆ ಅಂತ ತೊಗೊಂಡು ಹೋಗಿದ್ದು ಜೇಬಲ್ಲೇ ಇದ್ಯಲ್ಲ? ಕೊಡಿ, ನಾಳೆ ಚೀಟಿ ಕಟ್ಟಬೇಕು."

ಬದರಿನಾಥ ಬಾಯಿ ತೆರೆದ. ಅವನು ಚಿಕ್ಕಮ್ಮನ ಮಗನಲ್ಲ ಎಂದರೆ, ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೆ ಟೀವಿ, ಫ್ರಿಜ್ಜು, ಗ್ರೈಂಡರು ಒಂದೊಂದಾಗಿ ಬಾಯಿ ಬಿಡುತ್ತವೆ. ಅದೂ ಚನ್ನವೀರಪ್ಪನವರ ರಿಪೇರಿಯಾದ ಕನ್ನಡಕದ ಮುಂದೆ. ಅವನು ಬಾಯಿ ಮುಚ್ಚಿ, ಜೇಬಿನಿಂದ ನೋಟುಗಳನ್ನು ತೆಗೆದು ಹೆಂಡತಿಯ ಕೈಯಲ್ಲಿಟ್ಟ. ಸೋಮವಾರದ ಐದು ಸಾವಿರವನ್ನು ಇನ್ನೆಲ್ಲಿಂದ ತರುವುದು ಎಂದು ಯೋಚಿಸಿದರೆ ಅಳು ಬರುವಂತಿತ್ತು.

ಚನ್ನವೀರಪ್ಪನವರು ಅವನ ಬೆನ್ನು ತಟ್ಟಿದರು. "ಛಲೋ ಮಾಡಿದ್ರಿ. ನಮ್ಮ ಷಡ್ಡಕನಂಗ ಗುರುತಿಲ್ಲದಾವಗ ಕೊಟ್ಟಿದ್ರ ನೀರಾಗ ಹಾಕಿದಂಗ ಆಗ್ತಿತ್ತು. ಇದು ಮನಿ ಮಗಗ ಕೊಟ್ಟಿದ್ದು."

ನೋಟುಗಳನ್ನು ಎಣಿಸಿ ಒಳಗೆ ಹೋಗುತ್ತಿದ್ದ ಜಯಲಕ್ಷ್ಮಿ ಬಾಗಿಲಲ್ಲಿ ತಿರುಗಿ ನಿಂತಳು.

"ಹಾಂ, ಮರೆತೆ. ಈಗ ಮಾಡೋದು ಬಲಗಣ್ಣಂತೆ. ದೀಪಾವಳಿ ಆದಮೇಲೆ ಎಡಗಣ್ಣಿದೆಯಂತೆ. ಚಿಂತೆ ಮಾಡಬೇಡ, ಅಣ್ಣನಿಗೆ ಬೋನಸ್ ಬರತ್ತೆ ಅಂತ ಹೇಳಿದೀನಿ."